ಡ್ಯೂರರನ ಸಣ್ಣ ಹಾಳೆಗಳೂ ಪೂರ್ಣ ಕೃತಿಗಳೇ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ (1471–1528) ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಐದು ಶತಮಾನಗಳ ಹಿಂದಿನ ಯುರೋಪಿನ ಕಲಾವಿದನೊಬ್ಬನಿಗೆ ಕನ್ನಡದ ದಿನಪತ್ರಿಕೆ ಪೂರ್ತಿ ಒಂದು ಪುಟ ಮೀಸಲಿಡುವುದು ಅಪರೂಪ. ಅದಕ್ಕಾಗಿ ತಮಗೂ ಲೇಖಕರಿಗೂ ಅಭಿನಂದನೆಗಳು ಸಲ್ಲುತ್ತವೆ. ಆದರೆ ಮೊಲ, ಪ್ರಾರ್ಥಿಸುವ ಕೈಗಳು, ಖಡ್ಗಮೃಗ ಎಂಬ ಮೂರು ಪ್ರಸಿದ್ಧ ಚಿತ್ರಗಳ ಸುತ್ತಲೇ ಸುಳಿದಾಡುವ ಆ ಲೇಖನ, ಡ್ಯೂರರನ ನೂರಾರು ರೇಖಾಚಿತ್ರಗಳನ್ನೂ ಜಲವರ್ಣದ ನಿಸರ್ಗಚಿತ್ರಗಳನ್ನೂ ದೊಡ್ಡ ಕೃತಿಗಳಿಗೆ ಮಾಡಿಕೊಂಡ ಪೂರ್ವಸಿದ್ಧತೆಯೆಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದೆ. ಈ ತೀರ್ಮಾನವನ್ನು ನಾನು ಒಪ್ಪಲಾರೆ. ಜೊತೆಗೆ ಲೇಖನದಲ್ಲಿ ಬಂದಿರುವ ಎರಡು ಮಾತುಗಳನ್ನು ತಿದ್ದಬೇಕಾಗಿದೆ. ಆ ತಿದ್ದುಪಡಿಗಳೂ ಕೊನೆಗೆ ಈ ವಿಷಯಕ್ಕೇ ಬಂದು ಸೇರುತ್ತವೆ.

ಮೊದಲನೆಯದು ಕೈಗಳ ಕಥೆ. ಹದಿನೆಂಟು ಮಕ್ಕಳ ಬಡ ಸಂಸಾರ, ಚಿತ್ರಕಲೆ ಕಲಿಯಲು ಹಂಬಲಿಸುವ ಇಬ್ಬರು ಸಹೋದರರು, ನಾಣ್ಯ ಚಿಮ್ಮಿ ಸೋತವನು ಗಣಿಯಲ್ಲಿ ದುಡಿದು ಗೆದ್ದವನನ್ನು ಓದಿಸುವುದು, ಓದು ಮುಗಿಸಿ ಮರಳುವ ಹೊತ್ತಿಗೆ ದುಡಿದವನ ಬೆರಳುಗಳು ಕುಂಚ ಹಿಡಿಯಲಾಗದಷ್ಟು ಜಜ್ಜಿಹೋಗಿರುವುದು, ಆ ಕೈಗಳನ್ನೇ ಡ್ಯೂರರ್ ಚಿತ್ರಿಸಿ ಅಮರಗೊಳಿಸಿದ್ದು: ಈ ಕಥೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇದೆ, ಶಾಲಾ ಸಮಾರಂಭದ ಭಾಷಣಗಳಲ್ಲೂ ಕೇಳಿಬರುತ್ತದೆ. ಇದರಲ್ಲಿ ನಿಜವಿರುವುದು ಹದಿನೆಂಟು ಮಕ್ಕಳೆಂಬ ಅಂಶ ಮಾತ್ರ. ಡ್ಯೂರರನೇ ಬರೆದಿಟ್ಟ ಮನೆತನದ ವೃತ್ತಾಂತದಂತೆ ಆ ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು ಮೂವರೇ: ಆಲ್ಬ್ರೆಕ್ಟ್, ತಂದೆಯಂತೆ ಅಕ್ಕಸಾಲಿಯಾದ ಎಂಡ್ರೆಸ್ ಮತ್ತು ಅಣ್ಣನಂತೆ ಚಿತ್ರಕಾರನಾದ ಹಾನ್ಸ್. ಗಣಿಗೆ ಇಳಿದವರು ಯಾರೂ ಇಲ್ಲ. ನ್ಯೂರೆಂಬರ್ಗಿನ ಅಕ್ಕಸಾಲಿಯಾಗಿದ್ದ ತಂದೆ, ಮಗ ಕುಲಕಸುಬು ಬಿಡುವುದಕ್ಕೆ ಮೊದಲು ಮನಸ್ಸು ಮಾಡದಿದ್ದರೂ ಆಮೇಲೆ ಒಪ್ಪಿ 1486ರಲ್ಲಿ ಮಿಖಾಯೆಲ್ ವೋಲ್ಗೆಮುಟ್ ಎಂಬ ಚಿತ್ರಕಾರನ ಬಳಿ ಮೂರು ವರ್ಷ ಕಲಿಯಲು ಬಿಟ್ಟ. ಇನ್ನು ಚಿತ್ರದಲ್ಲಿರುವ ಕೈಗಳಾದರೂ ಗಣಿಕೆಲಸದವನ ಕೈಗಳಂತೆ ಕಾಣುತ್ತವೆಯೇ? ನೀಳವಾದ, ನರಗಳು ತೆಳುವಾಗಿ ಮೂಡಿದ, ಒಪ್ಪವಾಗಿ ಕತ್ತರಿಸಿದ ಉಗುರುಗಳ ಆ ಬೆರಳುಗಳನ್ನು ಒಮ್ಮೆ ದಿಟ್ಟಿಸಿ ನೋಡಿದರೆ ಕಥೆ ಅಲ್ಲಿಗೇ ಕುಸಿಯುತ್ತದೆ.

ವಾಸ್ತವ ಹೆಚ್ಚು ಕುತೂಹಲಕರವಾಗಿದೆ. ಫ್ರಾಂಕ್‌ಫರ್ಟಿನ ಶ್ರೀಮಂತ ವರ್ತಕ ಯಾಕೋಬ್ ಹೆಲ್ಲರ್ ಅಲ್ಲಿನ ಚರ್ಚೊಂದಕ್ಕೆಂದು ಬರೆಯಿಸಿದ ಬಲಿಪೀಠದ ದೊಡ್ಡ ಚಿತ್ರದಲ್ಲಿ ಅಪೋಸ್ತಲನೊಬ್ಬನ, ಅಂದರೆ ಏಸುವಿನ ಶಿಷ್ಯನೊಬ್ಬನ, ಕೈಗಳಿಗಾಗಿ ಡ್ಯೂರರ್ 1508ರಲ್ಲಿ ಮಾಡಿದ ಅಭ್ಯಾಸ ಚಿತ್ರವಿದು. ನೀಲಿ ಬಣ್ಣ ಬಳಿದು ಹದಗೊಳಿಸಿದ ಕಾಗದದ ಮೇಲೆ ಕುಂಚದ ತುದಿಯಿಂದ ಬೂದುಬಣ್ಣದ ನೆರಳನ್ನೂ ಬಿಳಿಯ ಬೆಳಕನ್ನೂ ಎಳೆಯೆಳೆಯಾಗಿ ಹೆಣೆದಿದ್ದಾನೆ. ಆ ಬಲಿಪೀಠದ ಕೆಲಸ ಅವನಿಗೆ ಅಷ್ಟೇನೂ ಸುಖ ಕೊಡಲಿಲ್ಲ. ಸಂಭಾವನೆಯ ಚೌಕಾಸಿ ನಡೆದೇ ಇತ್ತು. ಇದರ ಬದಲು ಅಚ್ಚು ತೆಗೆಯುವ ತಾಮ್ರಫಲಕದ ಕೆತ್ತನೆಗೇ ಅಂಟಿಕೊಂಡಿದ್ದರೆ ಇಷ್ಟು ಹೊತ್ತಿಗೆ 1,000 ಫ್ಲೋರಿನ್ (ಆ ಕಾಲದ ಚಿನ್ನದ ನಾಣ್ಯ) ಹೆಚ್ಚು ಗಳಿಸುತ್ತಿದ್ದೆ ಎಂಬರ್ಥದಲ್ಲಿ 1509ರಲ್ಲಿ ಹೆಲ್ಲರನಿಗೆ ಪತ್ರ ಬರೆದಿದ್ದಾನೆ. ಅಷ್ಟು ಶ್ರಮದ ಆ ನಡುವಿನ ಫಲಕ ಮುಂದೆ ಬವೇರಿಯದ ಅರಸನ ಪಾಲಾಗಿ, 1729ರಲ್ಲಿ ಮ್ಯೂನಿಕ್ ಅರಮನೆಯ ಬೆಂಕಿಯಲ್ಲಿ ಸುಟ್ಟುಹೋಯಿತು. ಈಗ ಫ್ರಾಂಕ್‌ಫರ್ಟಿನಲ್ಲಿರುವುದು ಬೇರೊಬ್ಬನು ಮಾಡಿದ ನಕಲು. ಡ್ಯೂರರನ ಕೈಯಿಂದಲೇ ಮೂಡಿ ಉಳಿದುಕೊಂಡದ್ದು ಇಂಥ ಬಿಡಿ ಹಾಳೆಗಳು. ಪೂರ್ವಸಿದ್ಧತೆ ಎಂಬ ಮಾತನ್ನು ಇಲ್ಲಿ ಯಾವ ಅರ್ಥದಲ್ಲಿ ಬಳಸೋಣ?

ಬೆಂಕಿಯ ಆಕಸ್ಮಿಕವನ್ನೇ ನೆಚ್ಚಿಕೊಂಡು ನಾನು ವಾದಿಸುತ್ತಿಲ್ಲ. ಸಣ್ಣ ಹಾಳೆಗಳ ಬಗ್ಗೆ ಡ್ಯೂರರನ ಅಭಿಪ್ರಾಯವೇ ಸ್ಪಷ್ಟವಾಗಿದೆ. ಅವನು ತೀರಿಕೊಂಡ ವರ್ಷ, 1528ರಲ್ಲಿ, ಅಚ್ಚಾಗಿ ಹೊರಬಂದ ಮಾನವದೇಹದ ಪ್ರಮಾಣಗಳನ್ನು ಕುರಿತ ಗ್ರಂಥದಲ್ಲಿ ಒಂದು ಮಾತಿದೆ: ಒಬ್ಬನು ಅರ್ಧ ಹಾಳೆಯ ಮೇಲೆ ಲೇಖನಿಯಿಂದ ಒಂದೇ ದಿನದಲ್ಲಿ ಗೀಚಿದ್ದು, ಇನ್ನೊಬ್ಬನು ವರ್ಷವಿಡೀ ಬೆವರು ಸುರಿಸಿ ಮಾಡಿದ ದೊಡ್ಡ ಕೃತಿಗಿಂತ ಕಲೆಯಲ್ಲಿ ಮಿಗಿಲಾಗಿರಬಲ್ಲದು. ಈ ನಂಬಿಕೆಗೆ ತಕ್ಕಂತೆಯೇ ಅವನು ನಡೆದುಕೊಂಡ. ಕುಶಲಕರ್ಮಿಗಳ ಕಾರ್ಯಾಗಾರಗಳಲ್ಲಿ ಕೆಲಸ ಮುಗಿದ ಮೇಲೆ ಸವೆದು ಹರಿದುಹೋಗುವ ಕಾಗದಗಳೆಂದೇ ರೇಖಾಚಿತ್ರಗಳನ್ನು ಕಾಣುತ್ತಿದ್ದ ಕಾಲದಲ್ಲಿ, ಡ್ಯೂರರ್ ಅವುಗಳಲ್ಲಿ ಹಲವಕ್ಕೆ ಇಸವಿ ಹಾಕಿದ, ತನ್ನ ಹೆಸರಿನ ಎರಡು ಅಕ್ಷರಗಳ ಅಂಕಿತ ಹಾಕಿದ, ಅಂಚಿನಲ್ಲಿ ಟಿಪ್ಪಣಿ ಬರೆದ, ಜೋಪಾನವಾಗಿ ಕಾಪಿಟ್ಟ. ಹದಿಮೂರರ ವಯಸ್ಸಿನಲ್ಲಿ, 1484ರಲ್ಲಿ, ಬೆಳ್ಳಿಯ ಮೊನೆಯಿಂದ ಬರೆದುಕೊಂಡ ತನ್ನದೇ ಚಿತ್ರದ ಮೇಲೆ, ಇದನ್ನು ಬಾಲಕನಾಗಿದ್ದಾಗ ಕನ್ನಡಿ ನೋಡಿಕೊಂಡು ಬರೆದೆ ಎಂದು ಎಷ್ಟೋ ಕಾಲದ ಮೇಲೆ ಸೇರಿಸಿದ್ದಾನೆ. ಬೆಳ್ಳಿಯ ಮೊನೆಯಿಂದ ಎಳೆದ ಗೆರೆಯನ್ನು ಒರಸಿ ತಿದ್ದಲು ಬರುವುದಿಲ್ಲ. ಹುಡುಗನ ಆ ತೋರುಬೆರಳು ಯಾವ ಅಳುಕೂ ಇಲ್ಲದೆ ಎತ್ತಲೋ ತೋರಿಸುತ್ತಿದೆ. ಅವನ ಸುಮಾರು ಸಾವಿರ ರೇಖಾಚಿತ್ರ, ಜಲವರ್ಣಗಳು ಇಂದಿಗೂ ಉಳಿದಿರುವುದಕ್ಕೆ ಅವನ ಈ ಎಚ್ಚರವೂ ಒಂದು ಮುಖ್ಯ ಕಾರಣ.

ಲೇಖನ ಒಂದು ಸಾಲನ್ನೂ ಕೊಡದ ನಿಸರ್ಗಚಿತ್ರಗಳೇ ನನ್ನ ದೃಷ್ಟಿಯಲ್ಲಿ ಅವನ ಅತ್ಯಂತ ಧೀರ ಕೆಲಸ. 1494ರ ಜುಲೈಯಲ್ಲಿ ಆಗ್ನೆಸ್ ಫ್ರೈಯನ್ನು ಮದುವೆಯಾದ ಡ್ಯೂರರ್ ಕೆಲವೇ ತಿಂಗಳುಗಳಲ್ಲಿ ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಗೆ ಹೊರಟ. ಆ ದಾರಿಯಲ್ಲಿ ಕಂಡ ಊರು, ಕೋಟೆ, ಬೆಟ್ಟಗಳನ್ನು ಜಲವರ್ಣದಲ್ಲಿ ಹಿಡಿದಿಟ್ಟ. ಇನ್ ನದಿಯ ನೀರಿನಲ್ಲಿ ಗೋಪುರಗಳ ನೆರಳು ಮೂಡಿಸಿ ನಿಂತ ಇನ್ಸ್‌ಬ್ರುಕ್ ಪಟ್ಟಣದ ಚಿತ್ರ ಅಂಗೈಗಿಂತ ಸ್ವಲ್ಪವೇ ದೊಡ್ಡದು. ಅದು ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಅದೇ ಪಟ್ಟಣದ ಕೋಟೆಯ ಅಂಗಳವನ್ನು ತೋರಿಸುವ ಎರಡು ಹಾಳೆಗಳಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಆರ್ಕೋ ಕೋಟೆಯ ಚಿತ್ರದಲ್ಲಿ ಕಡಿದಾದ ಬಂಡೆಯ ಮೇಲಿನ ಗೋಡೆಗಳಿಂದ ಹಿಡಿದು ಕೆಳಗಿನ ಆಲಿವ್ ಮರಗಳ ಬೂದುಹಸಿರಿನವರೆಗೆ ಎಲ್ಲವೂ ಒಂದೇ ಬೆಳಕಿನಲ್ಲಿ ಮಿಂದಿವೆ. ಯುರೋಪಿನ ಚಿತ್ರಗಳಲ್ಲಿ ಆಗ ಬೆಟ್ಟ, ಮರ, ನೀರು ಇರುತ್ತಿದ್ದವು, ನಿಜ. ಆದರೆ ಅವು ಸಂತನೊಬ್ಬನ ಅಥವಾ ಮೇರಿಮಾತೆಯ ಬೆನ್ನ ಹಿಂದೆ ಇರುತ್ತಿದ್ದವು. ಕಥೆಯಿಲ್ಲದೆ, ಪಾತ್ರವಿಲ್ಲದೆ, ಕೊಳ್ಳುವವನಿಲ್ಲದೆ ಒಂದು ಸ್ಥಳವನ್ನು ಅದರ ಪಾಡಿಗೆ ಅದನ್ನೇ ಚಿತ್ರಿಸುವುದು ಇಪ್ಪತ್ತಮೂರು, ಇಪ್ಪತ್ತನಾಲ್ಕರ ಯುವಕನಿಗೆ ಹೇಗೆ ಹೊಳೆಯಿತೋ!

ಊರಿಗೆ ಮರಳಿದ ಮೇಲೂ ಈ ಹವ್ಯಾಸ ನಿಲ್ಲಲಿಲ್ಲ. ನ್ಯೂರೆಂಬರ್ಗಿನ ಹೊರವಲಯದ ತಂತಿ ಎಳೆಯುವ ಕಾರ್ಖಾನೆ, ಕಲ್ಲುಗಣಿಗಳು, ಕೊಳದ ನಡುಗಡ್ಡೆಯ ಮೇಲೆ ಒಂಟಿಯಾಗಿ ನಿಂತ ಎತ್ತರದ ಮನೆ ಇವೆಲ್ಲ ಅವನ ಹಾಳೆಗಳಿಗೆ ಇಳಿದವು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ‘ಕಾಡಿನ ಕೊಳ’ ಎಂಬ ಜಲವರ್ಣವನ್ನು ಡ್ಯೂರರನ ಎಲ್ಲ ಕೃತಿಗಳಲ್ಲಿ ನಾನು ಮೊದಲು ಎಣಿಸುತ್ತೇನೆ. ನಡುವೆ ಕಡುನೀಲಿ ನೀರು, ಅದರ ಆಚೆ ಕಿತ್ತಳೆ, ಹಳದಿ ಬೆರೆತ ಮೋಡಗಳ ಪಟ್ಟೆಗಳು, ಇಬ್ಬದಿಯಲ್ಲಿ ಪೈನ್ ಮರಗಳು. ಒಂದು ಬದಿಯ ಮರಗಳು ಬರಿಯ ಕಾಂಡಗಳಾಗಿಯೇ ಉಳಿದಿವೆ. ಚಿತ್ರ ಪೂರ್ಣವಾಗಿಲ್ಲ ಎಂದು ಹೇಳುವುದು ಸುಲಭ. ಆದರೆ ಆ ಕ್ಷಣದ ಬೆಳಕಿಗೆ ಸಂಬಂಧಪಟ್ಟಂತೆ ಅದರಲ್ಲಿ ಇನ್ನೇನನ್ನಾದರೂ ಸೇರಿಸಬಹುದಿತ್ತೆಂದು ನನಗೆ ಅನ್ನಿಸುವುದಿಲ್ಲ. ಕೊಳದ ನಡುವಿನ ಮನೆಯ ಚಿತ್ರವನ್ನು ಮಾತ್ರ ಅವನು ಮುಂದೆ, 1498ರ ಸುಮಾರಿಗೆ, ಮೇರಿ ಮತ್ತು ಶಿಶುವಿನ ಪಕ್ಕದಲ್ಲಿ ಕೋತಿಯೊಂದು ಕುಳಿತಿರುವ ತಾಮ್ರಫಲಕದ ಚಿತ್ರಕ್ಕೆ ಹಿನ್ನೆಲೆಯಾಗಿ ಬಳಸಿಕೊಂಡ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ: ಕೆತ್ತನೆಯಲ್ಲಿ ಮನೆಯ ಆಕಾರ ಅದೇ, ಆದರೆ ಜಲವರ್ಣದಲ್ಲಿದ್ದ ಸಂಜೆ ಕಳೆದುಹೋಗಿದೆ. ಮೂಲವನ್ನು ಬಳಸಿಕೊಂಡ ಮಾತ್ರಕ್ಕೆ ಅದು ಬರಿಯ ಸಾಮಗ್ರಿಯಾಗುವುದಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವ್ಯಕ್ತಿಚಿತ್ರಗಳ ವಿಷಯದಲ್ಲಿ ಲೇಖಕರು ಮ್ಯೂನಿಕ್ಕಿನಲ್ಲಿರುವ 1500ರ ಪ್ರಖ್ಯಾತ ಸ್ವಚಿತ್ರವನ್ನು ವಿವರಿಸಿದ್ದಾರೆ. ನೇರವಾಗಿ ನಮ್ಮತ್ತ ನೋಡುವ, ಕ್ರಿಸ್ತನ ಚಿತ್ರಗಳನ್ನು ನೆನಪಿಸುವ ಆ ಗಂಭೀರ ಮುಖದ ಬಗ್ಗೆ ಅವರು ಬರೆದಿರುವುದೆಲ್ಲ ಸರಿಯೇ. ಆದರೆ ಅದೊಂದನ್ನೇ ನೋಡಿದವರಿಗೆ ಡ್ಯೂರರ್ ತನ್ನನ್ನು ತಾನು ಬಹಳ ಮೆಚ್ಚಿಕೊಂಡಿದ್ದ ಮನುಷ್ಯನಾಗಿ ಮಾತ್ರ ಕಂಡಾನು. ಅದರ ಪಕ್ಕದಲ್ಲಿ ಬ್ರೆಮೆನ್ ನಗರದಲ್ಲಿರುವ ಸಣ್ಣ ಲೇಖನಿ ಚಿತ್ರವೊಂದನ್ನು ಇಡಬೇಕು: ಅರೆಬೆತ್ತಲೆ ನಿಂತ ಡ್ಯೂರರ್ ತನ್ನ ಪಕ್ಕೆಯ ಮೇಲಿನ ಹಳದಿ ಗುರುತನ್ನು ಬೆರಳಿನಿಂದ ತೋರಿಸುತ್ತಿದ್ದಾನೆ, ಬೆರಳಿಟ್ಟಲ್ಲಿ ನನಗೆ ನೋವಾಗುತ್ತಿದೆ ಎಂದು ಮೇಲೆ ಬರೆದಿದ್ದಾನೆ. ವೈದ್ಯನಿಗೆ ಕಳಿಸಲು ಬರೆದದ್ದಿರಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ 1493ರ ಹಾಳೆಯ ಒಂದು ಮಗ್ಗುಲಲ್ಲಿ ಅವನ ಮುಖ, ಒಂದು ಕೈ, ಒಂದು ದಿಂಬು. ಇನ್ನೊಂದು ಮಗ್ಗುಲಲ್ಲಿ ಬರೀ ದಿಂಬುಗಳು, ಒಟ್ಟು ಆರು, ಒಂದೊಂದೂ ಬೇರೆ ಬೇರೆ ರೀತಿಯಲ್ಲಿ ಮುದುಡಿಕೊಂಡಿವೆ. ದಿಂಬಿನ ಸುಕ್ಕುಗಳಿಗೂ ತನ್ನ ಮುಖಕ್ಕೂ ಒಂದೇ ಬಗೆಯ ಗಮನ ಕೊಡಬಲ್ಲವನನ್ನು ಆತ್ಮಮೋಹಿ ಎಂದು ಕರೆಯುವುದು ಕಷ್ಟ.

ಮದುವೆಯ ವರ್ಷವೇ ಬರೆದ ಹೆಂಡತಿಯ ಪುಟ್ಟ ಚಿತ್ರವಂತೂ ಕೆಲವೇ ಗೆರೆಗಳಲ್ಲಿ ಮುಗಿದಿದೆ. ಮೇಜಿನ ಮುಂದೆ ಕೂತು, ಕೈಗೆ ಗಲ್ಲವನ್ನು ಆನಿಸಿ ತೂಕಡಿಸುತ್ತಿರುವ ಹುಡುಗಿ. ಕೆಳಗೆ ‘ನನ್ನ ಆಗ್ನೆಸ್’ ಎಂಬ ಎರಡೇ ಪದ. ಅದಕ್ಕೆ ಎದುರಾಗಿ ಬರ್ಲಿನ್ನಿನಲ್ಲಿರುವ ತಾಯಿಯ ಇದ್ದಿಲು ಚಿತ್ರ. 1514ರ ಮಾರ್ಚಿಯಲ್ಲಿ, ಅರವತ್ತಮೂರು ವಯಸ್ಸಿನ ಬಾರ್ಬರಾಳನ್ನು ಮಗ ಯಾವ ದಾಕ್ಷಿಣ್ಯವೂ ಇಲ್ಲದೆ ನೋಡಿದ್ದಾನೆ: ಎದ್ದು ಕಾಣುವ ಕತ್ತಿನ ಮೂಳೆಗಳು, ಒಳಸರಿದ ಕೆನ್ನೆ, ಹಣೆಯ ಗೆರೆಗಳು, ಸ್ವಲ್ಪ ಓರೆಯಾಗಿ ಎತ್ತಲೋ ನೆಟ್ಟ ಕಣ್ಣು. ಹದಿನೆಂಟು ಹೆರಿಗೆ, ಹದಿನೈದು ಮಕ್ಕಳ ಸಾವು ಆ ಮುಖದಲ್ಲಿವೆ. ಎರಡು ತಿಂಗಳಿಗೆ ಆಕೆ ತೀರಿಕೊಂಡಾಗ ಅದೇ ಹಾಳೆಯ ಮೇಲೆ ಶಾಯಿಯಿಂದ ಆ ಸಂಗತಿಯನ್ನೂ ಬರೆದು ಸೇರಿಸಿದ. ಹಣ ಪಡೆದು ಬರೆದ ಯಾವ ವರ್ತಕನ, ಯಾವ ರಾಜನ ತೈಲಚಿತ್ರದಲ್ಲಿಯೂ ಇಷ್ಟು ನಿಷ್ಠುರವಾದ ಪ್ರೀತಿಗೆ ಅವಕಾಶವಿರಲಿಲ್ಲ.

ಹಾಗೆಂದು ಅವನ ತೈಲಚಿತ್ರಗಳನ್ನು ಕಡೆಗಣಿಸುವ ಉದ್ದೇಶ ನನ್ನದಲ್ಲ. 1499ರಲ್ಲಿ ಬರೆದ ವರ್ತಕ ಓಸ್ವೋಲ್ಟ್ ಕ್ರೆಲ್‌ನ ಸಿಡುಕು ನೋಟ, 1526ರಲ್ಲಿ ಬರೆದ ನ್ಯೂರೆಂಬರ್ಗಿನ ಗಣ್ಯ ಹೀರೋನಿಮಸ್ ಹೋಲ್ಟ್ಸ್‌ಶೂಹರ್‌ನ ಬಿಳಿಗಡ್ಡದ ಒಂದೊಂದು ಎಳೆ ಮರೆಯುವಂಥವಲ್ಲ. ಹೋಲ್ಟ್ಸ್‌ಶೂಹರ್‌ನ ಕಣ್ಣುಗಳಲ್ಲಿ ಕಿಟಕಿಯ ಚೌಕಟ್ಟಿನ ಪ್ರತಿಬಿಂಬ ಕಾಣುತ್ತದೆ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ, 1502ರಲ್ಲಿ, ಬರೆದ ಮೊಲದ ಕಣ್ಣಿನಲ್ಲಿಯೂ ಅಂಥದೇ ಕಿಟಕಿ ಇದೆ. ಕಾಗದದ ಮೇಲಿನ ಕೆಲಸವೂ ಫಲಕದ ಮೇಲಿನ ಕೆಲಸವೂ ಅವನಿಗೆ ಎರಡಾಗಿರಲಿಲ್ಲ. ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನ ವಿಷಯದಲ್ಲಂತೂ ಇದ್ದಿಲಿನ ಚಿತ್ರವೇ ಮಿಗಿಲು. 1518ರ ಜೂನ್‌ನಲ್ಲಿ ಆಗ್ಸ್‌ಬರ್ಗಿನ ಅರಮನೆಯ ಮೇಲಂತಸ್ತಿನ ಪುಟ್ಟ ಕೋಣೆಯಲ್ಲಿ ಎದುರು ಕೂರಿಸಿಕೊಂಡು ಬರೆದೆನೆಂದು ಅದರ ಮೇಲೆಯೇ ದಾಖಲಿಸಿದ್ದಾನೆ. ದಣಿದ ಮುದುಕನೊಬ್ಬ ಅಲ್ಲಿದ್ದಾನೆ. ಚಕ್ರವರ್ತಿ ಮರುವರ್ಷ ಸತ್ತ ಮೇಲೆ ಅದನ್ನಾಧರಿಸಿ ಮಾಡಿದ ತೈಲಚಿತ್ರದಲ್ಲಿ ಉಡುಪಿನ ತುಪ್ಪಳ, ಕೈಯಲ್ಲಿನ ದಾಳಿಂಬೆ ಎಲ್ಲ ಇವೆ, ದಣಿವು ಮಾತ್ರ ರಾಜಗಾಂಭೀರ್ಯವಾಗಿ ಬದಲಾಗಿದೆ.

ಎರಡನೆಯ ತಿದ್ದುಪಡಿ ಖಡ್ಗಮೃಗದ್ದು. ಡ್ಯೂರರನ ಸೂಕ್ಷ್ಮ ವೀಕ್ಷಣೆಗೆ ಆ ಚಿತ್ರವೇ ಶಿಖರವೆಂದು ಲೇಖನ ಹೇಳುತ್ತದೆ. ಡ್ಯೂರರ್ ಆ ಪ್ರಾಣಿಯನ್ನು ಕಣ್ಣಿನಿಂದ ನೋಡಿಯೇ ಇರಲಿಲ್ಲ. ಗುಜರಾತಿನ ಸುಲ್ತಾನ ಎರಡನೆಯ ಮುಜಫ್ಫರ್ ಷಾ ಪೋರ್ಚುಗೀಸ್ ಅಧಿಕಾರಿ ಅಲ್ಬುಕರ್ಕ್‌ಗೆ ಕೊಟ್ಟ ಆ ಖಡ್ಗಮೃಗವನ್ನು 1515ರ ಜನವರಿಯಲ್ಲಿ ಗೋವೆಯಿಂದ ಹಡಗೇರಿಸಲಾಯಿತು. ಮೇ ತಿಂಗಳಲ್ಲಿ ಅದು ಲಿಸ್ಬನ್ ತಲುಪಿತು. ಅಲ್ಲಿಂದ ಬಂದ ಒಂದು ವರ್ಣನೆ ಮತ್ತು ಬೇರೊಬ್ಬನ ರೇಖಾಚಿತ್ರವಷ್ಟೇ ಡ್ಯೂರರನ ಕೈಗೆ ಸಿಕ್ಕಿದ್ದು. ಹಾಗಾಗಿಯೇ ಅವನ ಪ್ರಾಣಿಯ ಮೈ ಕಮ್ಮಾರ ಬೆಸೆದ ಕವಚದಂತಿದೆ, ಕಾಲುಗಳಲ್ಲಿ ಹುರುಪೆಗಳಿವೆ, ಭುಜದ ಮೇಲೆ ಇಲ್ಲದ ಇನ್ನೊಂದು ಕೊಂಬು ಮೂಡಿದೆ. ಪೋಪ್‌ಗೆ ಕಾಣಿಕೆಯಾಗಿ ರೋಮಿಗೆ ಹೊರಟ ನಿಜವಾದ ಖಡ್ಗಮೃಗ 1516ರ ಆರಂಭದಲ್ಲಿ ಇಟಲಿಯ ಕರಾವಳಿಯಲ್ಲಿ ಹಡಗಿನೊಡನೆ ಮುಳುಗಿತು. ಮರದಚ್ಚಿನ ಖಡ್ಗಮೃಗ ಮಾತ್ರ ಪ್ರತಿಯ ಮೇಲೆ ಪ್ರತಿಯಾಗಿ ಹರಡಿ, ಎರಡು ಶತಮಾನಗಳಿಗೂ ಹೆಚ್ಚು ಕಾಲ ಯುರೋಪಿನವರ ಕಲ್ಪನೆಯನ್ನು ಆಳಿತು. ಚಿತ್ರ ಅದ್ಭುತ, ಸಂಶಯವಿಲ್ಲ. ಆದರೆ ಅದು ಕಲ್ಪನೆಯ ಅದ್ಭುತ. ವೀಕ್ಷಣೆಯನ್ನು ಕಾಣಬೇಕಾದರೆ 1503ರಲ್ಲಿ ಬರೆದ ಹುಲ್ಲುನೆಲದ ತುಂಡಿನ ಜಲವರ್ಣವನ್ನೋ 1521ರಲ್ಲಿ ಬರೆದ ವಾಲ್ರಸ್ ಎಂಬ ಕಡಲಪ್ರಾಣಿಯ ತಲೆಯನ್ನೋ ನೋಡಬೇಕು.

ವಾಲ್ರಸ್ ಎಂದಾಗ 1520–21ರ ನೆದರ್ಲೆಂಡ್ಸ್ ಪ್ರವಾಸದ ಮಾತು ಬರುತ್ತದೆ. ಚಕ್ರವರ್ತಿಯಿಂದ ವರ್ಷಕ್ಕೆ 100 ಫ್ಲೋರಿನ್ ಬರುತ್ತಿದ್ದ ಮಾಶಾಸನವನ್ನು ಹೊಸ ಚಕ್ರವರ್ತಿಯಿಂದ ಮುಂದುವರಿಸಿಕೊಳ್ಳಲೆಂದು ಹೆಂಡತಿ ಹಾಗೂ ಮನೆಗೆಲಸದ ಸುಸಾನಾಳೊಡನೆ ಹೊರಟ ಡ್ಯೂರರ್ ಖರ್ಚುವೆಚ್ಚದ ದಿನಚರಿಯೊಂದನ್ನು ಇಟ್ಟಿದ್ದ. ಊಟ ಹಾಕಿದವರಿಗೆ ಇದ್ದಿಲಿನಲ್ಲಿ ಮುಖ ಬರೆದುಕೊಡುವುದು, ಅಚ್ಚುಚಿತ್ರಗಳನ್ನು ಮಾರುವುದು, ಪೋರ್ಚುಗೀಸ್ ವ್ಯಾಪಾರ ಪ್ರತಿನಿಧಿಗಳಿಂದ ಕಲ್ಲಿಕೋಟೆಯ ಬಟ್ಟೆ, ತೆಂಗಿನಕಾಯಿ, ಗಿಳಿಗಳನ್ನು ಕಾಣಿಕೆಯಾಗಿ ಪಡೆಯುವುದು, ಎಲ್ಲವೂ ಅದರಲ್ಲಿವೆ. ಅಂಥ ಪ್ರತಿನಿಧಿಯೊಬ್ಬನ ಮನೆಯಲ್ಲಿದ್ದ ಕತರೀನಾ ಎಂಬ ಇಪ್ಪತ್ತು ವರ್ಷದ ಆಫ್ರಿಕನ್ ಯುವತಿಯನ್ನು ಬೆಳ್ಳಿಯ ಮೊನೆಯಿಂದ ಬರೆದಿದ್ದಾನೆ. ತಗ್ಗಿಸಿದ ಕಣ್ಣುಗಳ ಆ ಮುಖದಲ್ಲಿ ಆಕೆಯ ಸ್ಥಿತಿಯ ಭಾರ ತಿಳಿಯುತ್ತದೆ. ವಿಚಿತ್ರ ವಸ್ತುವೆಂಬಂತೆ ಅವನು ಆಕೆಯನ್ನು ನೋಡಿಲ್ಲ. ಆಂಟ್‌ವರ್ಪ್‌ನಲ್ಲಿ ತೊಂಬತ್ತಮೂರು ವಯಸ್ಸಿನ, ಆದರೂ ಗಟ್ಟಿಮುಟ್ಟಾಗಿದ್ದ ವೃದ್ಧನೊಬ್ಬನನ್ನು ಬಣ್ಣದ ಕಾಗದದ ಮೇಲೆ ಕುಂಚದಿಂದ ಚಿತ್ರಿಸಿದ; ಆಮೇಲೆ ಆ ವೃದ್ಧ ಸಂತ ಜೆರೋಮ್ ಆಗಿ ತೈಲಚಿತ್ರಕ್ಕೂ ಬಂದ. ನೆದರ್ಲೆಂಡ್ಸಿನ ಕರಾವಳಿ ಪ್ರಾಂತವಾದ ಜೀಲೆಂಡಿನ ದಡಕ್ಕೆ ತಿಮಿಂಗಿಲ ಬಂದು ಬಿದ್ದಿದೆಯೆಂದು ಕೇಳಿ ಕಡುಚಳಿಯಲ್ಲಿ ನೋಡಲು ಓಡಿದ, ಅಷ್ಟರಲ್ಲಿ ಅಲೆಗಳು ಅದನ್ನು ಮತ್ತೆ ಎಳೆದುಕೊಂಡು ಹೋಗಿದ್ದವು. ಈ ಬಾರಿ ಕೇಳಿದ್ದನ್ನು ನಂಬಿ ಅವನು ತಿಮಿಂಗಿಲ ಬರೆಯಲಿಲ್ಲ ಎಂಬುದನ್ನು ಗಮನಿಸಬೇಕು.

ನಿದ್ದೆಯಲ್ಲಿ ಕಂಡದ್ದನ್ನು ಕೂಡ ಅವನು ಕಣ್ಣಾರೆ ಕಂಡದ್ದರಂತೆಯೇ ದಾಖಲಿಸಿದ. 1525ರ ಜೂನ್‌ನ ಒಂದು ರಾತ್ರಿ ಆಕಾಶದಿಂದ ಜಲರಾಶಿ ಬೀಳುವ ಕನಸು ಬಿದ್ದು ನಡುಗುತ್ತ ಎದ್ದವನು, ಬೆಳಿಗ್ಗೆ ಅದನ್ನು ಜಲವರ್ಣದಲ್ಲಿ ಬರೆದು, ಕೆಳಗೆ ನೀರು ಎಷ್ಟು ದೂರದಲ್ಲಿ ಬಿತ್ತು, ಎಷ್ಟು ಸದ್ದಾಯಿತು ಎಂಬುದನ್ನೆಲ್ಲ ವರದಿಯಂತೆ ಬರೆದು ಸಹಿ ಮಾಡಿದ. ಬಯಲಿನ ಮೇಲೆ ಇಳಿಯುತ್ತಿರುವ ನೀಲಿ ಕಂಬಗಳ ಆ ಚಿತ್ರ ನಿಸರ್ಗಚಿತ್ರವೋ, ದಿನಚರಿಯ ಪುಟವೋ ಎಂದು ವಿಂಗಡಿಸಲು ಹೊರಟವರು ಸೋಲುತ್ತಾರೆ.

ಕೊನೆಯದಾಗಿ ಸಂಪಾದಕ ಮಂಡಳಿಯಲ್ಲಿ ಒಂದು ವಿನಂತಿ. ಪುರವಣಿಯ ಪುಟದಲ್ಲಿ ಮೊಲವನ್ನೂ ಖಡ್ಗಮೃಗವನ್ನೂ ಒಂದೇ ಅಳತೆಗೆ ಕತ್ತರಿಸಿ, ಎರಡಕ್ಕೂ ‘ಡ್ಯೂರರನ ವರ್ಣಚಿತ್ರ’ ಎಂದು ಅಡಿಬರಹ ಕೊಟ್ಟಿದ್ದೀರಿ. ಮೊದಲನೆಯದು 25 ಸೆಂ.ಮೀ. ಎತ್ತರದ ಜಲವರ್ಣ, ಜಗತ್ತಿನಲ್ಲಿ ಇರುವುದು ಒಂದೇ ಒಂದು. ಬೆಳಕಿಗೆ ಬಣ್ಣ ಮಾಸೀತೆಂದು ಆಲ್ಬರ್ಟಿನಾದವರು ಅದನ್ನು ವರ್ಷಗಟ್ಟಲೆ ಕತ್ತಲೆಯಲ್ಲಿಟ್ಟು ಎಂದೋ ಒಮ್ಮೆ ಸ್ವಲ್ಪ ಕಾಲ ಹೊರತೆಗೆಯುತ್ತಾರೆ. ಎರಡನೆಯದು ಸಾವಿರಾರು ಪ್ರತಿ ತೆಗೆದು ಮಾರಲೆಂದೇ ಮಾಡಿದ ಮರದಚ್ಚು. ಇನ್ನು ಮುಂದೆ ಕಲಾಕೃತಿಗಳನ್ನು ಮುದ್ರಿಸುವಾಗ ಮಾಧ್ಯಮ, ಇಸವಿ, ಅಳತೆ, ಈಗಿರುವ ಸ್ಥಳ ಈ ನಾಲ್ಕನ್ನಾದರೂ ಅಡಿಬರಹದಲ್ಲಿ ಕೊಡಿ. ಒಂದು ಸಾಲು ಸಾಕು. ಓದುಗರು ಉಳಿದದ್ದನ್ನು ತಾವೇ ನೋಡಿಕೊಳ್ಳುತ್ತಾರೆ. ಸಾಧ್ಯವಾದರೆ ಮುಂದಿನ ಯಾವುದಾದರೂ ಸಂಚಿಕೆಯಲ್ಲಿ ‘ಕಾಡಿನ ಕೊಳ’, ತೂಕಡಿಸುವ ಆಗ್ನೆಸ್, ಇದ್ದಿಲಿನ ಬಾರ್ಬರಾ ಮತ್ತು ಕತರೀನಾ ಈ ನಾಲ್ಕು ಹಾಳೆಗಳನ್ನು ಕತ್ತರಿಸದೆ, ಅಂಚಿನ ಬರಹವೂ ಕಾಣುವಂತೆ ಪ್ರಕಟಿಸಬೇಕೆಂದು ಕೋರುತ್ತೇನೆ. ಆಗ್ನೆಸ್‌ಳ ಚಿತ್ರ ಕೇವಲ 16 ಸೆಂ.ಮೀ. ಎತ್ತರದ್ದಾದ್ದರಿಂದ ಅದನ್ನು ಮೂಲದ ಅಳತೆಯಲ್ಲಿಯೇ ಅಚ್ಚು ಹಾಕಲು ತಮ್ಮ ಪುಟದಲ್ಲಿ ಧಾರಾಳವಾಗಿ ಜಾಗವಿದೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ